ಭಟ್ಟಿಗೆ ತುಂಬಿದ ಉಡಿ

ಹುಕ್ಕೇರಿಯಿಂದ ಕಣಗಲಾ ಕಡೆ ಹೋಗುವ ದಾರಿಯಲ್ಲಿ ನಾನು ದುಡಿದ ಗೋಲಿ ಕಾರ್ಖಾನೆ ಹೆಸರು ಬದಲಿಸಿಕೊಂಡು ಇನ್ನೂ ನಡೆಯುತ್ತಿದೆ. ಅಲ್ಲಿ ಹೊಸದಾಗಿ ಸೇರಿದ ಇಬ್ಬರು ತರುಣರು ಗೋಕಾಕದ ನಮ್ಮ ಮನೆಗೆ ಬಂದಿದ್ದರು. "ಕಾಕಾ, ಗೋಲಿ ಆರಸೂದ್ರಾಗ ನಿಮ್ಮಷ್ಟ ಪಳಗಿದಾವ್ರು ಯಾರೂ ಇಲ್ಲಂತ. ನಮಗೂ ನಾಕ ಮಾತ ಬರದ ಕೊಡ್ರಿ" ಎಂದರು. ಹೊಗಳಿಕೆ ಕೇಳಿದರೆ ನಾನು ಈಗಲೂ ಉಬ್ಬುತ್ತೇನೆ. ಈ ಚಟದಿಂದ ಆದ ಅನಾಹುತವೂ ಮುಂದೆ ಬರುತ್ತದೆ. ಹೈಸ್ಕೂಲು ಮುಗಿಸಿದವನು ನಾನು. ಆಮೇಲೆ ಬರೆದದ್ದೆಂದರೆ ಚೀಲಗಳ ಮೇಲೆ 'ಪಾಸ್' ಮತ್ತು 'ವಾಪಸ್' ಎಂಬ ಎರಡೇ ಶಬ್ದ.

ಇಡೀ ಆಯುಷ್ಯ ಗೋಲಿಯಲ್ಲಿ ತಪ್ಪು ಹುಡುಕಿ ಪಗಾರ ತೆಗೆದುಕೊಂಡೆ. ಆದರೆ ನಾನೇ ಮಾಡಿದ ಒಂದು ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿ ಸುಮ್ಮನಿದ್ದೆ. ಅವರು ನಮ್ಮ ಭಟ್ಟಿಯ ಮೇಸ್ತ್ರಿ, ಮೂಡಲಗಿಯ ಲಗಮಣ್ಣ ಕಾಕಾ. ನನ್ನಿಂದ ಅವರ ಹೆಸರು ಕೆಟ್ಟಿತು. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದುಕೊಟ್ಟರೆ ಈ ತರುಣರಿಗೂ ಮೋಸ ಮಾಡಿದಂತಾಗುತ್ತದೆ.

ಮೊದಲು ಗೋಲಿಯ ಮಾತು. ಒಡೆದ ಬಾಟಲಿ, ಕಿಟಕಿಯ ಗಾಜು ಎಲ್ಲವನ್ನೂ ತೊಳೆದು ಭಟ್ಟಿಗೆ ಹಾಕುತ್ತಾರೆ. ಅದು ಕರಗಿ, ಕಾಕಂಬಿಯಂತಾಗಿ, ಕೆಳಗಿನ ತೂತಿನಿಂದ ಇಳಿಯುತ್ತದೆ. ಭಟ್ಟಿಯ ಹಿಂದೆ ಒಂದು ಸಣ್ಣ ಕುಂಡವಿರುತ್ತದೆ. ಅದರಲ್ಲಿ ಬಣ್ಣದ ಗಾಜು ಕರಗಿರುತ್ತದೆ. ಗೋಲಿಯೊಳಗೆ ಕಾಣುವ ಎಳೆ ಅಲ್ಲಿಂದ ಬಂದು ಸೇರಿದ್ದು. ಇಳಿಯುವ ಗಾಜನ್ನು ಯಂತ್ರದ ಕತ್ತರಿ ತುಂಡು ಮಾಡುತ್ತದೆ. ಕೆಂಪಗೆ ಉರಿಯುವ ಆ ತುಂಡು ತಿರುಗುವ ಎರಡು ಉರುಳೆಗಳ ನಡುವೆ ಬಿದ್ದು, ಉರುಳುತ್ತ ದುಂಡಗಾಗಿ, ತುದಿಗೆ ಬರುವಷ್ಟರಲ್ಲಿ ಗಟ್ಟಿಯಾಗಿರುತ್ತದೆ. ನಿಧಾನವಾಗಿ ಆರಿದ ಮೇಲೆ ನಮ್ಮ ಮೇಜಿಗೆ ಬರುತ್ತದೆ.

ಕತ್ತರಿ ಮೊಂಡಾದರೆ ಗೋಲಿಯ ಮೈಮೇಲೆ ಉಗುರು ಒತ್ತಿದಂಥ ಗುರುತು ಉಳಿಯುತ್ತದೆ. ಉರುಳೆ ತಣ್ಣಗಿದ್ದರೆ ಸುಕ್ಕು. ಗಾಜು ಸರಿಯಾಗಿ ಕುದಿಯದಿದ್ದರೆ ಒಳಗೆ ಗುಳ್ಳೆ. ಭಟ್ಟಿಯ ಇಟ್ಟಿಗೆ ಉದುರಿದರೆ ಹೊಟ್ಟೆಯಲ್ಲಿ ಕಲ್ಲಿನ ಕಣ. ದುಂಡಗಾಗದೆ ಉದ್ದವಾದದ್ದನ್ನು ನಾವು ತತ್ತಿ ಎನ್ನುತ್ತಿದ್ದೆವು. ಉರುಳೆಯ ಮೇಲೆ ಒಂದಕ್ಕೊಂದು ಅಂಟಿಕೊಂಡು ಬಂದವು ಗಂಡ-ಹೆಂಡತಿ. ಇವೆಲ್ಲ ವಾಪಸ್ ಚೀಲಕ್ಕೆ, ಅಲ್ಲಿಂದ ತಿರುಗಿ ಭಟ್ಟಿಗೆ.

ನಾನು ತಪಾಸಣೆಗೆ ಸೇರಿದ ಮೊದಲ ವಾರದಲ್ಲೇ ಭಟ್ಟಿಯನ್ನು ನಡುಗಿಸಿಬಿಟ್ಟೆ. ನೋಡಿದ ಗೋಲಿಯ ಮೇಲೆಲ್ಲ ಸಣ್ಣದೊಂದು ಗೀರು! ಚೀಲದ ಮೇಲೆ ಚೀಲ ವಾಪಸ್ ಬರೆದೆ. ಕತ್ತರಿ ಬಿಚ್ಚಿಸಿದೆ, ಉರುಳೆ ಒರೆಸಿದೆ, ಎಲ್ಲರಿಗೂ ಉಪದೇಶ ಮಾಡಿದೆ. ಆರಿಸುವ ಮೇಜಿನಲ್ಲಿ ದಡ್ಡಿ ಊರಿನ ಬಾಳವ್ವ ಎಂಬಾಕೆ ಇದ್ದಳು. ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ನನ್ನ ಮುಖ ನೋಡಿದಳು.

"ಯಲ್ಲಪ್ಪಣ್ಣಾ, ಆ ಚಾಳೀಸ ಒಂದೀಟ ತಗೀರಿ."

ಕನ್ನಡಕ ತೆಗೆದೆ.

"ಈಗ ನೋಡ್ರಿ. ಐತೇನ ಗೀರು?"

ಇರಲಿಲ್ಲ. ಗೋಕಾಕದ ಸಂತೆಯಲ್ಲಿ ಕೊಂಡ ನನ್ನ ಚಾಳೀಸಿನ ಗಾಜಿನ ಮೇಲೇ ಗೀರಿತ್ತು. ಬಾಳವ್ವ ಮುಂದೆ ಎಷ್ಟೋ ದಿನ ನನ್ನ ಎದುರಿಗೆ ಗೋಲಿ ಹಿಡಿಯುವ ಮೊದಲು, "ಅಣ್ಣಾರ, ಕಣ್ಣ ಒರಸ್ಕೋರಿ" ಎನ್ನುತ್ತಿದ್ದಳು.

ನಮ್ಮ ಮಾಲಕರ ತಪಾಸಣೆಯ ಪದ್ಧತಿ ಬೇರೆ. ನನ್ನ ಸಹಿಯ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ, ಇಲ್ಲದಿದ್ದದ್ದು ಸರಿಯೇ. ಪ್ರತಿ ಹೊಸ ಮಾಲಿನಿಂದ ಒಂದು ಹಿಡಿ ತರಿಸಿ, ಧೋತರ ಎತ್ತಿ ಕಟ್ಟಿ, ಆಫೀಸಿನ ಫರ್ಶಿ ನೆಲದ ಮೇಲೆ ಮಂಡಿಯೂರಿ ಆಡಿ ನೋಡುತ್ತಿದ್ದರು. ಗುರಿ ತಪ್ಪಿದರೆ ಗೋಲಿ ತತ್ತಿಯಾಗಿದೆ ಎಂದು ತೀರ್ಮಾನ. ತಮ್ಮ ಗುರಿ ಕೆಟ್ಟಿದೆ ಎಂದು ಅವರಿಗೆ ಹೇಳುವವರು ಯಾರು? ಒಮ್ಮೆ ಕೊಲ್ಲಾಪುರದಿಂದ ದೊಡ್ಡ ಗಿರಾಕಿಗಳು ಒಳಗೆ ಕಾಲಿಟ್ಟಾಗ ಮಾಲಕರು ಮೇಜಿನ ಕೆಳಗಿದ್ದರು. ನಾನು ಬಾಗಿಲಲ್ಲಿ ನಿಂತು, "ಸಾಹೇಬರು ತಪಾಸಣೆಯೊಳಗ ಅದಾರ್ರಿ" ಎಂದೆ. ಮೇಜಿನ ಕೆಳಗಿಂದ, "ಯಲ್ಲಪ್ಪಾ, ಇದೂ ತತ್ತಿನ!" ಎಂಬ ಕೂಗು ಬಂತು.

ಇಂಥ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದವರು ಲಗಮಣ್ಣ ಮೇಸ್ತ್ರಿ. ಕುರಿ ಕಾಯುವ ಮನೆತನದವರು. ಎತ್ತರದ ಆಳು, ಮುಂಗೈ ಮೇಲಿನ ಕೂದಲೆಲ್ಲ ಸುಟ್ಟಿದ್ದವು. ಭಟ್ಟಿ ವರ್ಷವಿಡೀ ಆರುತ್ತಿರಲಿಲ್ಲ. ಆರಿದರೆ ಒಳಗಿನ ಗಾಜು ಬಂಡೆಯಾಗಿ ಇಟ್ಟಿಗೆಯನ್ನೇ ಸೀಳುತ್ತದೆ. ಹೀಗಾಗಿ ಅವರು ಅದನ್ನು ಬಾಣಂತಿಯಂತೆ ನೋಡಿಕೊಳ್ಳುತ್ತಿದ್ದರು. ತಮ್ಮ ಪಾಳಿಯಲ್ಲಿ ಅವರು ಕೂತದ್ದನ್ನು ನಾನು ಕಂಡಿಲ್ಲ. ನಾನು ವಾಪಸ್ ಮಾಡಿದ ಮಾಲಿಗೆ ಒಂದು ದಿನವೂ ವಾದ ಮಾಡಲಿಲ್ಲ. "ಹೌದಪಾ, ಒಂದೀಟ ಬೆಂಕಿ ಕಮ್ಮಿ ಆಗಿತ್ತ" ಎಂದು ತಾವೇ ಒಪ್ಪಿಕೊಳ್ಳುತ್ತಿದ್ದರು. ಒಪ್ಪಿಕೊಳ್ಳುವ ಅವರ ಗುಣವೇ ಮುಂದೆ ಅವರಿಗೆ ಮುಳುವಾಯಿತು.

ಖಂಡೇನವಮಿಯ ದಿನ ನಮ್ಮಲ್ಲಿ ಯಂತ್ರಗಳಿಗೆಲ್ಲ ಪೂಜೆ. ಭಟ್ಟಿಗೆ ಮಾತ್ರ ಉಡಿ ತುಂಬುವ ಪದ್ಧತಿ. ಸದಾ ಉರಿಯುವಾಕೆ, ತಾಯಿ ಎಂದು ಹೆಂಗಸರ ನಂಬಿಕೆ. ಹಸಿರು ಬಳೆ, ಕುಪ್ಪಸದ ಖಣ, ಕೊಬ್ಬರಿ ಬಟ್ಟಲು, ಅಕ್ಕಿ, ಎಲೆ ಅಡಿಕೆ ಎಲ್ಲವನ್ನೂ ಮೊರದಲ್ಲಿಟ್ಟು ಭಟ್ಟಿಯ ಮುಂದೆ ಇಡುತ್ತಿದ್ದರು. ಪೂಜೆ ಆದ ಮೇಲೆ ಆ ಉಡಿ ಆರಿಸುವ ಮೇಜಿನ ಒಬ್ಬ ಮುತ್ತೈದೆಗೆ ಸಲ್ಲಬೇಕು. ಯಾರಿಗೆ ಎಂಬುದು ಪ್ರತಿ ವರ್ಷದ ಜಗಳ. ಮೇಜಿನ ಮೇಲ್ವಿಚಾರಣೆ ನನ್ನದಾದ್ದರಿಂದ ತೀರ್ಪು ಕೊಡುವವನೂ ನಾನೇ. ಯಾರಿಗೆ ಕೊಟ್ಟರೂ ಉಳಿದವರು ನನ್ನೊಂದಿಗೆ ಮಾತು ಬಿಡುತ್ತಿದ್ದರು.

ಆ ವರ್ಷ ಜಗಳವೇ ಆಗದಂತೆ ಒಂದು ಉಪಾಯ ಮಾಡಿದೆ. ಎಲ್ಲರೂ ಹೊರಗೆ ಪ್ರಸಾದ ತಿನ್ನುತ್ತಿದ್ದಾಗ ಉಡಿಯನ್ನು ನಾನೇ ಎತ್ತಿದೆ. ಕೊಬ್ಬರಿ ಅಲ್ಲೇ ತಿಂದೆ. ಅಕ್ಕಿ ಚೀಲಕ್ಕೆ ಹೋಯಿತು. ಖಣದ ಅಂಚು ಚೆನ್ನಾಗಿತ್ತು, ಹೆಂಡತಿಗೆ ಆಗುತ್ತದೆ ಎಂದು ಅಂಗಿಯೊಳಗೆ ತುರುಕಿದೆ. ಬಳೆಗಳನ್ನು ಪ್ಯಾಂಟಿನ ಜೇಬಿಗೆ ಹಾಕಿದೆ. ಒಂದು ಹೆಜ್ಜೆ ಇಟ್ಟೆ, ಜೇಬು ಗಲ್ ಎಂದಿತು. ಇನ್ನೊಂದು ಹೆಜ್ಜೆ, ಮತ್ತೆ ಗಲ್. ಹೊರಗೆ ಬಾಳವ್ವ ಇದ್ದಳು. ಬಳೆಯ ಸಪ್ಪಳ ಗಂಡಸಿನ ಜೇಬಿನಿಂದ ಬಂದರೆ ಆಕೆ ಸುಮ್ಮನಿರುವ ಹೆಣ್ಣಲ್ಲ. ಮೇಸ್ತ್ರಿ ಭಟ್ಟಿಯ ಮುಂದಿನ ಬಾಗಿಲಿನಲ್ಲಿ ನಿಂತು ಗಾಜು ತುಂಬುತ್ತಿದ್ದರು. ನಾನು ಹಿಂದಿನಿಂದ ಹೋಗಿ, ಬಣ್ಣದ ಕುಂಡದ ಮುಚ್ಚಳ ಸರಿಸಿ, ಬಳೆಗಳನ್ನೆಲ್ಲ ಅದರಲ್ಲಿ ಎಸೆದೆ. ಗಾಜಿಗೆ ಗಾಜು ಸೇರಿತು, ಇದರಲ್ಲೇನು ಎಂದುಕೊಂಡೆ.

ಹೊರಗೆ ಬಂದು ಮೊರ ತೋರಿಸಿ, "ಈ ಸಲ ತಾಯಿನ ಉಡಿ ತಗೊಂಡ್ಳು. ಯಾರಿಗೂ ಇಲ್ಲ" ಎಂದೆ.

"ಕೊಬ್ರಿನೂ ತಗೊಂಡ್ಳ?" ಎಂದಳು ಬಾಳವ್ವ, ನನ್ನ ಮೀಸೆಯನ್ನೇ ನೋಡುತ್ತ.

ಮರುದಿನ ಮೇಜಿಗೆ ಬಂದ ಗೋಲಿಗಳನ್ನು ನೋಡಿದೊಡನೆ ಬಳೆಗಳು ಎಲ್ಲಿ ಹೋದವೆಂದು ತಿಳಿಯಿತು. ಬಿಳಿ ಎಳೆಯ ಸುತ್ತ ಹೊಸ ಜೋಳದ ಗರಿಯಂಥ ಹಸಿರು ಎಳೆ ಹೆಣೆದುಕೊಂಡಿತ್ತು. ಅಂಥ ಚೆಂದದ ಗೋಲಿ ನಾನು ಮೊದಲು ನೋಡಿರಲಿಲ್ಲ. ಗುಳ್ಳೆಯಿಲ್ಲ, ಸುಕ್ಕಿಲ್ಲ. ಪಾಸ್ ಬರೆದೆ. ಮಾಲಕರಂತೂ ಫರ್ಶಿಯಿಂದ ಎದ್ದು ಕುಣಿದರು.

"ಮೇಸ್ತ್ರಿ, ಏನ್ ಹಾಕಿದಿಯೋ ಮಾರಾಯಾ? ಹಿಂಥಾದ್ದ ನಮಗ ಇನ್ನಷ್ಟ ಬೇಕ!"

ಲಗಮಣ್ಣ ಕಾಕಾ ಗೋಲಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಕೆಳಗಿಟ್ಟರು. "ಇದ ನಾ ಹಾಕಿದ್ದಲ್ರಿ. ಈ ಹಸರ ಎಲ್ಲಿಂದ ಬಂತೋ ನನಗ ತಿಳಿವಲ್ದು" ಎಂದರು. ಬೇರೆ ಯಾರಾದರೂ ಆಗಿದ್ದರೆ ಹೊಗಳಿಕೆಯನ್ನು ಜೇಬಿಗಿಳಿಸುತ್ತಿದ್ದರು.

ಮಾಲು ಚೀಲ ತುಂಬಿ ಗಿರಾಕಿಗಳಿಗೆ ಹೋಯಿತು, ಸ್ವಲ್ಪ ಗೋದಾಮಿನಲ್ಲಿ ಉಳಿಯಿತು. ಕೆಲವು ದಿನದ ಮೇಲೆ ಗೋದಾಮಿನಿಂದ ಟಿಕ್, ಟಿಕ್ ಎಂಬ ಸಪ್ಪಳ. ಮೊದಲು ಇಲಿ ಎಂದುಕೊಂಡರು. ಚೀಲ ಬಿಚ್ಚಿದರೆ ಗೋಲಿಗಳು ಯಾರೂ ಮುಟ್ಟದೆ ತಾವಾಗಿಯೇ ಒಡೆದು ಹೋಳಾಗುತ್ತಿದ್ದವು. ತಿಳಿದವರು ನನಗೆ ಕಾರಣ ಹೇಳಿದ್ದು ಎಷ್ಟೋ ವರ್ಷದ ಮೇಲೆ. ಬಳೆಯ ಗಾಜು ಬೇರೆ, ಬಾಟಲಿಯ ಗಾಜು ಬೇರೆ. ಬಿಸಿಯಿರುವಾಗ ಎರಡೂ ಒಂದಾಗಿ ಕಾಣುತ್ತವೆ. ಆರುವಾಗ ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ. ಒಳಗೊಳಗೇ ಜಗ್ಗಾಡಿ, ಒಂದು ದಿನ ಸೀಳುತ್ತದೆ. ಹೊಸದಾಗಿ ಸೇರಿದ ತರುಣರೇ, ಮೇಜಿಗೆ ಬಂದ ದಿನವೇ ಯಾವ ಬಣ್ಣದ ಗೋಲಿಗೂ ಪಾಸ್ ಬರೆಯಬೇಡಿ. ಕೆಲವು ದಿನ ತೆಗೆದಿಡಿ. ನನ್ನ ವೃತ್ತಿಯಲ್ಲಿ ನಾನು ಕಲಿತು ಹೇಳಬಹುದಾದ ಪಾಠ ಇದೊಂದೇ, ಅದನ್ನೂ ಇನ್ನೊಬ್ಬರ ಖರ್ಚಿನಲ್ಲಿ ಕಲಿತೆ.

ಗಿರಾಕಿಗಳಿಂದ ಮಾಲು ತಿರುಗಿ ಬಂತು. ಮಾಲಕರು ಎಲ್ಲರೆದುರು ಮೇಸ್ತ್ರಿಯನ್ನು ಕರೆಸಿದರು.

"ಹಸರ ನೀ ಹಾಕಿಲ್ಲ ಅಂತ ನೀನ ಹೇಳಿದಿ. ಹಂಗಾರ ನಿನ್ನ ಕಣ್ಣ ಮುಂದ ಕುಂಡದಾಗ ಅದ ಹೆಂಗ ಬಿತ್ತು? ಭಟ್ಟಿ ಮುಂದ ಮಲಗಿದ್ದೇನು?"

ಮೇಸ್ತ್ರಿ ಆ ಕಡೆ ಈ ಕಡೆ ನೋಡಿದರು. ಕೊನೆಗೆ ನನ್ನ ಕಡೆ ತಿರುಗಿದರು. "ಯಲ್ಲಪ್ಪಾ, ಪೂಜಿ ದಿನ ನೀ ಒಳಗ ಬಂದಿದ್ದೆಲಾ. ನೀ ಏನರ ನೋಡಿದ್ಯೇನಪಾ?"

ಅದು ಗುಮಾನಿಯ ಮಾತಲ್ಲ. ನನ್ನ ಕಣ್ಣಿನ ಮೇಲೆ ಅವರಿಗೆ ನಂಬಿಕೆ ಇತ್ತು, ಅಷ್ಟೇ.

"ಇಲ್ರಿ ಕಾಕಾ. ನಾ ಏನೂ ನೋಡಿಲ್ಲ" ಎಂದೆ.

"ಹಂಗಾರ ನನ್ನ ಕಣ್ಣ ತಪ್ಪಿರಬೇಕ್ರಿ" ಎಂದು ಮೇಸ್ತ್ರಿ ಮಾಲಕರಿಗೆ ಹೇಳಿದರು. ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, ಪಾಳಿಯವರಿಗೆ ಭಟ್ಟಿಯ ಬೆಂಕಿ ಒಪ್ಪಿಸಿ ಹೊರಟುಹೋದರು. ಯಾರೂ ಅವರನ್ನು ಕೆಲಸದಿಂದ ಬಿಡಿಸಲಿಲ್ಲ, ಅವರೇ ತಿರುಗಿ ಬರಲಿಲ್ಲ. ಮೂಡಲಗಿಯಲ್ಲಿ ಕುರಿ ಮೇಯಿಸಿಕೊಂಡಿದ್ದಾರೆಂದು ಆಮೇಲೆ ಕೇಳಿದೆ. ನಮ್ಮಲ್ಲಿ ದುಡಿಯುತ್ತಿದ್ದ ಅವರ ಊರಿನವನೊಬ್ಬ ಅಲ್ಲಿಯೂ ಸುದ್ದಿ ಮುಟ್ಟಿಸಿದ್ದ. ಓಣಿಯವರು ಅವರಿಗೆ 'ನಿದ್ದಿ ಮೇಸ್ತ್ರಿ' ಎಂದು ಹೆಸರಿಟ್ಟರಂತೆ. ಒಂದು ಗಳಿಗೆಯೂ ಕೂರದವರಿಗೆ!

ನನಗೆ ಏನಾಯಿತು ಎಂದು ಕೇಳುತ್ತೀರಾ? ಏನೂ ಆಗಲಿಲ್ಲ. ಮುಂದಿನ ವರ್ಷ ಉಡಿಯನ್ನು ಬಾಳವ್ವನಿಗೆ ಕೊಟ್ಟೆ. ಎಣ್ಣೆಯ ಭಟ್ಟಿ ಹೋಗಿ ಗ್ಯಾಸಿನದು ಬಂತು. ಕಣ್ಣಿನಿಂದ ಆರಿಸುವ ಜಾಗಕ್ಕೆ ಜರಡಿಯ ಯಂತ್ರ ಬಂದು, ತತ್ತಿಗಳನ್ನು ತಾನೇ ಹೊರಗೆ ಹಾಕತೊಡಗಿತು. ಮಕ್ಕಳು ಗೋಲಿ ಆಡುವುದನ್ನು ಬಿಟ್ಟರು. ನಮ್ಮ ಮಾಲು ಮೀನಿನ ತೊಟ್ಟಿಗೆ, ಅಲುಗಾಡಿಸಿ ಹೊಡೆಯುವ ಸ್ಪ್ರೇ ಡಬ್ಬಿಯ ಬಣ್ಣ ಕದಡುವುದಕ್ಕೆ ಹೋಗತೊಡಗಿತು. ಡಬ್ಬಿಯೊಳಗಿನ ಗೋಲಿಯ ಬಣ್ಣ ಯಾರು ನೋಡುತ್ತಾರೆ? ದುಂಡಗಿದ್ದರೆ ಸಾಕು. ಆದರೂ ನಾನು ಹಳೆಯ ಚಟಕ್ಕೆ ಒಂದೊಂದನ್ನು ಬೆಳಕಿಗೆ ಹಿಡಿಯುತ್ತಿದ್ದೆ. "ಕಾಕಾ, ಇದ ಡಬ್ಬಿಗೆ ಹೋಗೂದ್ರಿ, ಮದವಿಗಲ್ಲ" ಎಂದು ಹೊಸಬರು ನಗುತ್ತಿದ್ದರು. ನಿವೃತ್ತಿಯ ದಿನ ಶಾಲು ಹೊದಿಸಿ, 'ಇವರ ಕಣ್ಣು ತಪ್ಪಿಸಿ ಒಂದು ದೋಷವೂ ಹೋಗಲಿಲ್ಲ' ಎಂದು ಭಾಷಣ ಮಾಡಿದರು. ನಾನು ಕೈ ಮುಗಿದು ಕೂತಿದ್ದೆ.

ಈಚೆಗೆ ಬೆಳಗಾವಿಯಿಂದ ಒಬ್ಬ ಹೆಣ್ಣುಮಗಳು ನನ್ನನ್ನು ಹುಡುಕಿಕೊಂಡು ಬಂದರು. ಹಲ್ಲಿನ ಡಾಕ್ಟರು. ಅವರಿಗೆ ಹಳೆಯ ಗೋಲಿ ಕೂಡಿಡುವ ಹವ್ಯಾಸ. ಅದೂ ಕೆಟ್ಟ ಗೋಲಿ! ಗುಳ್ಳೆಯದು, ಕಲ್ಲಿನದು, ಗಂಡ-ಹೆಂಡತಿ, ಎಲ್ಲ ಹತ್ತಿಯ ಮೇಲೆ ಮಲಗಿಸಿಟ್ಟಿದ್ದರು. ಇಂಥವನ್ನು ಹುಡುಕುವವರು ದೇಶವಿದೇಶಗಳಲ್ಲಿ ಇದ್ದಾರೆಂದು ಹೇಳಿದರು. ನಾನು ಜನ್ಮವಿಡೀ ಭಟ್ಟಿಗೆ ಸುರಿದದ್ದೆಲ್ಲ ಅದೇ. ಹೊಟ್ಟೆ ಉರಿಯಿತು.

ಆಮೇಲೆ ಅವರು ಒಂದು ಸಣ್ಣ ಡಬ್ಬಿ ತೆಗೆದರು. ಒಳಗೆ ಹಸಿರು ಎಳೆಯ ಗೋಲಿ ಇತ್ತು. ಒಂದು ಕಡೆ ಕೂದಲೆಳೆಯಂಥ ಸೀಳು ಬಿಟ್ಟಿದ್ದರೂ ಅದು ಹೋಳಾಗದೆ ಉಳಿದಿತ್ತು.

"ಕಾಕಾ, ಇದು ನಿಮ್ಮ ಕಾರ್ಖಾನಿದು ಅಂತ ಕೇಳೇನಿ. ಇಂಥಾದ್ದ ಇನ್ನೊಂದು ಎಲ್ಲೂ ಸಿಕ್ಕಿಲ್ಲ. ಮಾಡಿದಾವ್ರು ಯಾರ್ರಿ? ಏನ ಕಲಾಕಾರ ಇರಬೇಕು!"

ಮಾಲಕರು ಬೈಯುವಾಗ ಬಾಯಿ ಮುಚ್ಚಿಕೊಂಡಿದ್ದ ನಾನು ಈಗ ಎಷ್ಟು ಬೇಗ ಬಾಯಿ ತೆರೆದೆ ನೋಡಿ.

"ನಾನರಿ" ಎಂದೆ.

"ಖರೇನ? ಹೆಂಗ ಮಾಡಿದ್ರಿ?"

"ಅದ ಒಂದ ಕಸಬರಿ. ಹೇಳಾಕ ಬರಂಗಿಲ್ಲ."

ಅವರು ಭಕ್ತಿಯಿಂದ ಒಂದು ಚೀಟಿಯ ಮೇಲೆ ನನ್ನ ಹೆಸರು ಬರೆದು, ಗೋಲಿಯ ಪಕ್ಕ ಇಟ್ಟು, ನನ್ನನ್ನೂ ಗೋಲಿಯನ್ನೂ ಕೂಡಿಸಿ ಫೋಟೋ ತೆಗೆದುಕೊಂಡು ಹೋದರು. ನಾನು ಉಬ್ಬಿಕೊಂಡು ಒಳಗೆ ಬಂದೆ. ಹೆಂಡತಿ ಅಡುಗೆಮನೆಯಿಂದ, "ನೀವ ಯಾವಾಗ ಗೋಲಿ ಮಾಡಿದ್ರಿ? ಮಂದಿ ಮಾಡಿದ್ದನ್ನ ಹೊರಗ ಒಗ್ಯಾವ್ರಲಾ ನೀವು" ಎಂದಳು. ಆಕೆಗೆ ಖಣದ ಕಥೆ ಗೊತ್ತಿರಲಿಲ್ಲ. ಅಂದು ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಮೂಡಲಗಿಯ ಬಸ್ಸು ಹತ್ತಿದೆ. ಅರಭಾವಿಯಲ್ಲಿ ಕಾಲೇಜಿನ ಹುಡುಗರೆಲ್ಲ ಇಳಿದ ಮೇಲೆ ಬಸ್ಸು ಖಾಲಿಯಾಯಿತು. ನನಗೂ ಇಳಿದು ತಿರುಗಿ ಹೋಗಬೇಕೆನಿಸಿತು. ಕಂಡಕ್ಟರ್, "ಅಜ್ಜಾರ, ಬಾಗಲದಾಗ ಯಾಕ ನಿಂತೀರಿ? ಕುಂದರ್ರಿ" ಎಂದು ಗದರಿಸಿದ್ದರಿಂದ ಕೂತೆ.

ಲಗಮಣ್ಣ ಕಾಕಾ ಮನೆಯ ಮುಂದಿನ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದರು. ಬಹಳ ಬತ್ತಿದ್ದರು, ಆದರೆ ಬೆನ್ನು ನೆಟ್ಟಗಿತ್ತು. ಸೊಸೆ ಬಾಗಿಲಲ್ಲಿ ಕಾಳು ಹಸನು ಮಾಡುತ್ತಿದ್ದಳು. ಎದುರಿನ ಕಟ್ಟೆಯಲ್ಲಿ ಕೆಲವರು ಇಸ್ಪೀಟು ಆಡುತ್ತಿದ್ದರು. ನಾನು ಕಾಲು ಮುಟ್ಟಿ ಗುರುತು ಹೇಳಿ, ಸಣ್ಣ ದನಿಯಲ್ಲಿ, "ಕಾಕಾ, ಒಂದ ಮಾತ ಹೇಳೂದೈತ್ರಿ. ಒಳಗ ಹೋಗೂಣೇನ್ರಿ?" ಎಂದೆ.

"ಆಂ? ಜೋರ ಹೇಳು. ಭಟ್ಟಿ ಸಪ್ಪಳಕ್ಕ ಕಿವಿ ಹೋಗ್ಯಾವು. ಇಲ್ಲೇ ಕುಂದ್ರು."

"ಆ ಹಸರ ಗೋಲಿ ಐತಲ್ರಿ, ಬಳಿ ಒಗದಾಂವ ನಾನು."

"ಏನೂ ಕೇಳಸಂಗಿಲ್ಲೋ."

ದನಿ ಏರಿಸಿದೆ. ಇಸ್ಪೀಟಿನವರು ತಿರುಗಿ ನೋಡಿದರು. ಕಾಕಾ ಕಿವಿಗೆ ಕೈ ಹಚ್ಚಿದರು. ಇನ್ನೂ ಏರಿಸಿದೆ. ಪಕ್ಕದ ಮನೆಯ ಹೆಂಗಸು ಬಿಂದಿಗೆ ಹಿಡಿದುಕೊಂಡೇ ನಿಂತಳು.

"ಭಟ್ಟಿ ತಾಯಿ ಉಡಿ ನಾ ಕದ್ದೇನ್ರಿ! ಬಳಿ ಕುಂಡದಾಗ ಒಗದೇನಿ!"

"ಖಣಾ ಏನ್ ಮಾಡಿದಿ?"

"ಹೆಂಡ್ತಿಗಿ ಕೊಟ್ಟೇನ್ರಿ."

"ಯಾರಿಗೆ?"

"ಹೆಂಡ್ತಿಗಿ! ಹೆಂಡ್ತಿಗಿ ಕೊಟ್ಟೇನಿ!"

"ಅಯ್ಯ ನಮ್ಮವ್ವ, ದೇವ್ರ ಉಡಿ ಕದ್ದಾನಂತ ಈ ಮುದಕ!" ಎಂದು ಬಿಂದಿಗೆಯವಳು ನಕ್ಕಳು. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಓಣಿಯ ಬಾಗಿಲುಗಳಲ್ಲಿ ಒಂದೊಂದೇ ತಲೆ ಕಾಣಿಸತೊಡಗಿತು. ಬೆಳಗಾವಿಯ ಡಾಕ್ಟರಿಗೆ ಹೇಳಿದ ಸುಳ್ಳನ್ನೂ ಹೀಗೇ ಕೂಗಿ ಹೇಳಬೇಕಾಯಿತು. ಗಂಟಲು ಬಿರಿಯಿತು.

ಕಾಕಾ ಮಾತ್ರ ನಗಲಿಲ್ಲ. "ಹಂಗಾರ ಅವತ್ತ ನಾ ಮಲಗಿದ್ನೇನು?" ಎಂದು ಕೇಳಿದರು.

"ಇಲ್ರಿ."

"ಆಂ?"

ನಾನು ಎದ್ದು ನಿಂತೆ. ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ. "ಮೇಸ್ತ್ರಿ ಮಲಗಿರಲಿಲ್ಲ! ಭಟ್ಟಿ ಮುಂದ ನಿಂತಿದ್ರು! ಮಾಲ ಕೆಡಸಿದಾಂವ ನಾನು!"

ಇಸ್ಪೀಟಿನವರಲ್ಲಿ ವಯಸ್ಸಾದ ಒಬ್ಬಾತ ಎಲೆಗಳನ್ನು ಕೆಳಗಿಟ್ಟು ಎದ್ದು ಬಂದ. "ಲಗಮಣ್ಣಾ, ನೀ ಮಲಗಿರಲಿಲ್ಲೇನೋ ಹಂಗಾರ?"

"ನನ್ನ ಯಾಕ ಕೇಳ್ತಿ? ಅಂವನ್ನ ಕೇಳು" ಎಂದರು ಕಾಕಾ.

ಆತ ನನ್ನನ್ನು ಕೇಳಿದ. ನಾನು ಮತ್ತೊಮ್ಮೆ ಹೇಳಿದೆ. ಆತ ಕಾಕಾನ ಪಕ್ಕ ಕಂಬಳಿಯ ಅಂಚಿನಲ್ಲಿ ಕೂತ.

"ಡಾಕ್ಟರ್ ಬಾಯಾರಿಗೆ ಫೋನ್ ಹಚ್ಚಿ, ಚೀಟಿ ಮ್ಯಾಲಿನ ನನ್ನ ಹೆಸರ ತಗಿಸಿ ನಿಮ್ಮ ಹೆಸರ ಬರಸ್ತೇನ್ರಿ ಕಾಕಾ!" ಎಂದು ಕೂಗಿದೆ.

"ಒಡಿಯೂ ಗೋಲಿಗೆ ನನ್ನ ಹೆಸರ ಯಾಕ? ನಿಂದ ಇರ್ಲಿ. ಹೆಂಗ ಆತು ಅನ್ನೂದನ್ನೂ ಬರಿ ಅನ್ನು" ಎಂದರು.

ನಾನು ಬಾಗಿ, "ನನ್ನ ಮ್ಯಾಲ ಸಿಟ್ಟ ಹೋತೇನ್ರಿ?" ಎಂದು ಕೇಳಿದೆ. ಅವರು ಓಣಿಯ ತುದಿಯ ಕಡೆ ನೋಡುತ್ತ ಕೂತರು. ಆ ಪ್ರಶ್ನೆಯನ್ನು ಎರಡನೆಯ ಸಲ ಕೂಗುವ ಧೈರ್ಯ ನನಗೆ ಬರಲಿಲ್ಲ.

ಕೈ ಮುಗಿದು ಕಟ್ಟೆ ಇಳಿದೆ. ಬೆನ್ನು ತಿರುಗಿಸಿ ಚಪ್ಪಲಿ ಹುಡುಕುತ್ತ, ನನ್ನಷ್ಟಕ್ಕೆ ನಾನೇ, ತುಟಿ ಅಲುಗಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ, "ಒದರಿ ಒದರಿ ಗಂಟಲ ಹರದ ಹೋತು" ಎಂದುಕೊಂಡೆ.

"ಬೆಲ್ಲದ ಚಾ ಕುಡದ ಹೋಗು" ಎಂದರು ಕಾಕಾ ಹಿಂದಿನಿಂದ. "ಗಂಟಲಕ್ಕ ಚಲೋ."